ಚದುರಂಗ ಬಲ್ಲ ಕರೆಂಟು

"ನಿಮ್ಮ ಊರಿನ ವಿದ್ಯುತ್ತಿಗೆ ಚದುರಂಗ ಬರುತ್ತದೆಯೇ?"

ಕಾವೇರಿ ಆ ಸಾಲನ್ನು ಮೂರನೆಯ ಸಲ ಓದಿದಳು. ಬರೆದವನು ಯಾವುದೋ ದೂರದೇಶದವನು. ಚದುರಂಗವಾಡುವ ಪ್ರೋಗ್ರಾಂಗಳಲ್ಲಿ ಯಾವುದು ಮೇಲು, ಯಾವುದು ಕೀಳು ಎಂಬ ಪಟ್ಟಿಗಾಗಿ ಅವನಂಥ ನಲವತ್ತು ಜನ ಮುಖ ಕಾಣದೆ ಕಚ್ಚಾಡುತ್ತಿದ್ದರು. ಬೇರೆ ಕೆಲಸವಿಲ್ಲದವರು.

ಅವರಲ್ಲಿ ಅವಳೂ ಒಬ್ಬಳು. ಸಿಂದಗಿಯ ಕಾಲೇಜಿನಲ್ಲಿ, ಲ್ಯಾಬಿನ ಮೂಲೆಯ ಕಂಪ್ಯೂಟರಿನಲ್ಲಿ ಎರಡು ಪ್ರೋಗ್ರಾಂಗಳನ್ನು ಆಡಲು ಬಿಟ್ಟು ಪಾಠ ಮಾಡಲು ಹೋಗುವಳು. ಬಂದು ಫಲಿತಾಂಶ ಕಳಿಸುವಳು. ಪಟ್ಟಿಯ ಕೆಳಗೆ, ಪರೀಕ್ಷಕರ ಸಾಲಿನಲ್ಲಿ ಅವಳ ಹೆಸರಿತ್ತು. ಯಾವ ಊರು, ಯಾರ ಪೈಕಿ ಎಂದು ಕೇಳದೆ ಅವಳ ಹೆಸರು ಬರೆದುಕೊಂಡ ಜಾಗ ಅದೊಂದೇ.

ದೂರು ಇಷ್ಟು: ಕರೆಂಟು ಹೋಗಿ ಅರ್ಧಕ್ಕೆ ನಿಂತವೆಂದು ಅವಳು ರದ್ದು ಮಾಡಿದ ಆಟಗಳು ಮೂವತ್ತೊಂದು. ಮೂವತ್ತೊಂದರಲ್ಲೂ 'ಫಿಂಚ್' ಎಂಬ ಪ್ರೋಗ್ರಾಂ ಸೋಲುವುದರಲ್ಲಿತ್ತು. ಆ ಸೋಲುಗಳು ಎಣಿಕೆಗೆ ಬರದೆ ಅದು ಹನ್ನೊಂದನೆಯ ಸ್ಥಾನದಿಂದ ನಾಲ್ಕಕ್ಕೆ ಏರಿತ್ತು. ಸಂಜೆ ಐದರೊಳಗೆ ಉತ್ತರ ಬಾರದಿದ್ದರೆ ಅವಳ ಹೆಸರು ತೆಗೆಯುತ್ತಾರೆ.

ಮೂರ್ಖರು. ಸಿಂದಗಿಯಲ್ಲಿ ಮಶೀನು ಆರಿದರೆ ಯಾಕೆಂದು ಯಾರು ಕೇಳುತ್ತಾರೆ?

ಆದರೂ ಕೇಳಿದಳು. "ಬಂದಗಿಸಾಬ್ರ, ನಿನ್ನಿ ಮಧ್ಯಾಹ್ನ ಕರೆಂಟ್ ಹೋಗಿತ್ತೇನ್ರಿ?"

ಲ್ಯಾಬಿನ ಅಟೆಂಡರ್ ಬಂದಗಿಸಾಬ ಕೀಬೋರ್ಡ್ ಒರೆಸುವುದನ್ನು ನಿಲ್ಲಿಸಲಿಲ್ಲ. "ಇಲ್ರಿ ಮೇಡಂ."

"ಮತ್ತ ಈ ಮಶೀನ್ ಹೆಂಗ ಬಂದ್ ಆತು?"

"ನಾನ ಬಂದ್ ಮಾಡೀನ್ರಿ. ಪ್ರತಿ ಸಲಾನೂ ನಾನ."

"ಯಾಕ?"

"ಆ ಫಿಂಚ್ ಸೋಲಾಕತ್ತಿತ್ರಿ. ವಜೀರ ಹೋಗಿತ್ತು. ಬಾದಶಾ, ಎರಡು ಪ್ಯಾದಿ, ಅಷ್ಟ. ಸೋಲು ಖಾತ್ರಿ ಆದ್ರ ಉಳದ ಪ್ರೋಗ್ರಾಂ ಆಟ ಬಿಟ್ಟು ಏಳ್ತಾವು. ಇದೊಂದು ಏಳಂಗಿಲ್ಲ, ಹೊಡಸ್ಕೋತ ಕುಂದರತೈತಿ. ನೋಡಾಕ ಆಗಂಗಿಲ್ರಿ."

"ಅದು ಮಶೀನ್ರಿ!"

"ಹೌದ್ರಿ. ಅದಕ್ಕ ಸ್ವಿಚ್ ಐತಿ."

ಅವಳಿಗೆ ನಗು ಬರಬೇಕಿತ್ತು. ಹೋದ ವಾರ ಪ್ರಿನ್ಸಿಪಾಲ ಶ್ರೀಶೈಲಪ್ಪ ಇದೇ ಲ್ಯಾಬಿನಲ್ಲಿ, ವಿದ್ಯಾರ್ಥಿಗಳೆದುರು, ಕಾಲು ಗಂಟೆ ಅವಳನ್ನು ನಿಲ್ಲಿಸಿ ಬೈದಿದ್ದ. ಆಗಲೂ ಬಂದಗಿಸಾಬ ಕೀಬೋರ್ಡ್ ಒರೆಸುತ್ತಲೇ ಇದ್ದ. ಪ್ರಿನ್ಸಿಪಾಲನಿಗೆ ಸ್ವಿಚ್ ಇರಲಿಲ್ಲ.

"ಇನ್ನ ಮ್ಯಾಲ ಮುಟ್ಟಬ್ಯಾಡ್ರಿ."

"ಆತ್ರಿ."

ಉತ್ತರ ಬರೆಯಲು ಕುಳಿತಳು. 'ನಮ್ಮ ಅಟೆಂಡರ್‌ಗೆ ಕನಿಕರವಾಯಿತು.' ಓದಿದಳು. ನಿಜವೇ ಅಗ್ಗದ ಸುಳ್ಳಿನಂತೆ ಕಾಣುತ್ತಿತ್ತು. ಅಳಿಸಿದಳು. 'ಸಿಂದಗಿಯಲ್ಲಿ ಕರೆಂಟು' ಎಂದು ಬರೆದಳು. ಅದನ್ನೂ ಅಳಿಸಿದಳು.

ತೆರೆಯ ಇನ್ನೊಂದು ಬದಿಯಲ್ಲಿ ಬೆಳಗಿನ ಆಟ ಇನ್ನೂ ನಡೆದಿತ್ತು. ಫಿಂಚ್ ಸೋಲುತ್ತಿತ್ತು. ಅದರ ರಾಜ ಮೂಲೆ ಸೇರಿದ್ದ.

ಐದಕ್ಕೆ ನಾಲ್ಕು ನಿಮಿಷ. ಬಂದಗಿಸಾಬ ಬಂದು ಸ್ವಿಚ್ಚಿನ ಪಕ್ಕದಲ್ಲಿ, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತ. ಹೇಳಿದಂತೆ ಕೇಳುವ ಮನುಷ್ಯ.

ಅವಳು ಅವನ ಕಡೆ ನೋಡಿದಳು. ಅವನು ನೆಲ ನೋಡಿದ.

ಉತ್ತರದ ಚೌಕ ಖಾಲಿ ಇತ್ತು. ತಲೆಯ ಮೇಲೆ ಫ್ಯಾನು ತಿರುಗುತ್ತಲೇ ಇತ್ತು. ಅಂದು ಕರೆಂಟು ಹೋಗುವ ಲಕ್ಷಣವಿರಲಿಲ್ಲ. ಫಿಂಚ್‌ನ ರಾಜ ಒಂದು ಮನೆ ಎಡಕ್ಕೆ ಸರಿದ. ತುಸು ಹೊತ್ತಿನ ಮೇಲೆ, ಮತ್ತೆ ಬಲಕ್ಕೆ.