ಪಂಪಿನ ತೂತಿಗೆ ಸೋಪು

ಮನೆಯೊಳಗೆ ಪೆಟ್ರೋಲಿನ ವಾಸನೆ ಬಂದರೆ ಬುದ್ಧಿ ಇರುವವರು ಏನು ಮಾಡುತ್ತಾರೆ? ಎಲ್ಲಿಂದ ಬಂತು ಎಂದು ಹುಡುಕುತ್ತಾರೆ. ಈ ಮನೆಯ ಯಜಮಾನರು ಮಾತ್ರ, "ಮೂಗಿಗೆ ಕರ್ಚೀಫು ಕಟ್ಕೊಳ್ಳೆ, ಎರಡು ದಿನಕ್ಕೆ ಅಭ್ಯಾಸ ಆಗತ್ತೆ" ಎಂದರು. ಎರಡಲ್ಲ, ಹದಿನೈದು ದಿನ ಕಳೆಯಿತು. ಅವರ ಹೆಂಡತಿಗೆ ವಾಸನೆ ಅಭ್ಯಾಸವಾಗಲಿಲ್ಲ, ಸಿಟ್ಟು ಮಾತ್ರ ನೆತ್ತಿಗೇರಿ ಕೂತಿತ್ತು.

ಆಕೆ ಬಟ್ಟೆ ಹೊಲಿಯುವವರು, ಬೀದಿಗೆಲ್ಲ ಹೊಲಿಗೆಯಮ್ಮ. ಹೊಲಿಗೆಯ ಕೋಣೆಗೂ ಕಾರಿನ ಶೆಡ್ಡಿಗೂ ನಡುವೆ ಒಂದೇ ಬಾಗಿಲು. ಅದರ ಕೆಳಗೆ ಎರಡು ಬೆರಳಿನಷ್ಟು ಸಂದು. ಶೆಡ್ಡಿನಲ್ಲಿ ನಿಂತಿದ್ದದ್ದು ಯಜಮಾನರ ಅಪ್ಪ ಕೊಂಡ ಐವತ್ತು ವರ್ಷದ ಹಳೇ ಕಾರು. ಅಂಚೆ ಕಚೇರಿಯಿಂದ ನಿವೃತ್ತರಾದ ಮೇಲೆ ಯಜಮಾನರಿಗೆ ಅದೇ ಕಚೇರಿ, ಅದೇ ದೇವರು. ದಿನಾ ಬೆಳಿಗ್ಗೆ ಅದನ್ನು ಒರೆಸಿ, ಆರು ವರ್ಷದ ಮೊಮ್ಮಗಳನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಶಾಲೆಗೆ ಬಿಟ್ಟು ಬರುತ್ತಿದ್ದರು.

ಅವತ್ತು ಮೊಮ್ಮಗಳು ಬೂಟು ಹಾಕಿಕೊಳ್ಳುತ್ತ, "ಕಾರಲ್ಲಿ ಕೂತ್ರೆ ತಲೆ ನೋಯತ್ತೆ ಅಜ್ಜಿ" ಎಂದಳು. ಹೊಲಿಗೆಯಮ್ಮನ ತಾಳ್ಮೆ ಅಲ್ಲಿಗೆ ಮುಗಿಯಿತು.

"ಕೇಳಿಸ್ತಾ ರೀ? ನಾನು ಹೇಳಿದ್ದಂತೂ ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯ್ತು. ಈಗ ಮಗೂನೂ ಸುಳ್ಳು ಹೇಳ್ತಾ ಇದೆಯಾ?"

"ಒಂದು ಚೂರು ಸೋರ್ತಾ ಇತ್ತು ಕಣೆ. ನಾನೇ ನಿಲ್ಸಿದೀನಲ್ಲ!"

ಆಕೆ ಚಪ್ಪಲಿ ಮೆಟ್ಟಿದರು. ಕತ್ತಿನಲ್ಲಿ ಅಳತೆ ಟೇಪು ನೇತಾಡುತ್ತಿದ್ದಂತೆಯೇ ಬೀದಿಯ ಮೂಲೆಗೆ ಹೋಗಿ ಗ್ಯಾರೇಜಿನಾಕೆಯನ್ನು ಕರೆತಂದರು. ಇಪ್ಪತ್ತು ವರ್ಷ ಹಳೇ ಇಂಜಿನ್ನುಗಳಲ್ಲಿ ಕೈಯಾಡಿಸಿದ ಹೆಂಗಸು ಅವಳು. ಈ ಮನೆಯಾಕೆಯನ್ನು ಅಕ್ಕ ಎಂದೂ ಯಜಮಾನರನ್ನು ಭಾವ ಎಂದೂ ಕರೆಯುವಷ್ಟು ಬಳಕೆ.

ಶೆಡ್ಡಿನ ಹೊಸ್ತಿಲಲ್ಲೇ ಅವಳ ಮೂಗು ಅರಳಿತು. "ಲೈಟ್ ಹಾಕ್ಬೇಡಿ ಭಾವ! ಸ್ವಿಚ್ ಮುಟ್ಬೇಡಿ, ಗಾಡಿ ಸ್ಟಾರ್ಟ್ ಮಾಡ್ಬೇಡಿ!"

ಶೆಡ್ಡಿನ ದೊಡ್ಡ ಬಾಗಿಲನ್ನು ಪೂರ್ತಿ ತೆರೆಸಿದಳು. ಮಗುವನ್ನು ದೂರ ನಿಲ್ಲಿಸಿ, ಮೂವರೂ ಸೇರಿ ಕಾರನ್ನು ಅಂಗಳಕ್ಕೆ ತಳ್ಳಿದರು. ಗಾಳಿಯಾಡಿದ ಮೇಲೆಯೇ ಅವಳು ಬಾನೆಟ್ ಎತ್ತಿದ್ದು. ಇಂಜಿನ್ನಿನ ಪಕ್ಕಕ್ಕೆ ಮುಷ್ಟಿ ಗಾತ್ರದ ಪಂಪು. ಟ್ಯಾಂಕಿನಿಂದ ಪೆಟ್ರೋಲನ್ನು ಎಳೆದು ಇಂಜಿನ್ನಿಗೆ ಕೊಡುವುದು ಅದೇ. ಪಂಪಿನ ಹೊಟ್ಟೆಯಲ್ಲೊಂದು ಸಣ್ಣ ತೂತು. ಆ ತೂತಿನ ತುಂಬ ಹಳದಿ ಸೋಪು. ಸೋಪಿನ ಅಂಚು ಒದ್ದೆಯಾಗಿತ್ತು.

"ಯಾರು ತುರುಕಿದ್ದು ಇದನ್ನ?"

"ನಾನೇ," ಎಂದರು ಯಜಮಾನರು ಎದೆ ಸೆಟೆಸಿ. "ಅಪ್ಪನ ಕಾಲದಲ್ಲಿ ಟ್ಯಾಂಕ್ ಸೋರಿದ್ರೆ ಸೋಪೇ ಉಜ್ತಾ ಇದ್ದದ್ದು. ಇಷ್ಟಕ್ಕೆಲ್ಲ ಪಂಪೇ ಬದಲಾಯಿಸೋಕಾಗತ್ತಾ? ನೆಗಡಿ ಬಂತು ಅಂತ ಯಾರಾದ್ರೂ ಮೂಗು ಕೊಯ್ಕೊಳ್ತಾರಾ?"

"ಇಲ್ಲ ಭಾವ. ಆದ್ರೆ ಮೂಗಿಗೆ ಸೋಪು ತುರುಕೋರನ್ನ ಇವತ್ತೇ ನೋಡಿದ್ದು!"

ಹೊಲಿಗೆಯಮ್ಮನಿಗೆ ಅಷ್ಟು ಕೋಪದಲ್ಲೂ ನಗು ಬಂತು. ಗ್ಯಾರೇಜಿನಾಕೆ ನಗಲಿಲ್ಲ.

"ಈ ತೂತು ಪಂಪ್ ಮಾಡಿದವರೇ ಇಟ್ಟದ್ದು. ಒಳಗೆ ರಬ್ಬರಿನ ಪರದೆ ಇದೆ. ಅದು ಹರಿದ್ರೆ ಪೆಟ್ರೋಲು ಇಲ್ಲಿಂದ ತೊಟ್ಟಿಕ್ಕತ್ತೆ, ಕಣ್ಣಿದ್ದವರು ನೋಡ್ಲಿ ಅಂತ. ನೀವು ಆ ದಾರೀನೇ ಮುಚ್ಚಿಬಿಟ್ರಿ."

"ಮುಚ್ಚಿದ್ದಕ್ಕೇ ಗಾಡಿ ಸುಖವಾಗಿದೆ. ಆಯಿಲ್ ಕೂಡ ಕುಡಿಯಲ್ಲ ಗೊತ್ತಾ? ತಿಂಗಳಿಂದ ಒಂದು ಹನಿ ಹಾಕಿಲ್ಲ, ಮಟ್ಟ ಇಳಿಯೋದಿರ್ಲಿ, ಏರಿದೆ!"

ಗ್ಯಾರೇಜಿನಾಕೆ ಅವರ ಮುಖವನ್ನೇ ನೋಡಿದಳು. ಆಯಿಲಿನ ಅಳತೆ ಕಡ್ಡಿ ಎಳೆದು, ಮೊದಲು ಹೊಲಿಗೆಯಮ್ಮನ ಮೂಗಿನ ಹತ್ತಿರ ಹಿಡಿದಳು. ಅದೇ ವಾಸನೆ! ಗುರುತಿನ ಗೆರೆಗಿಂತ ಒಂದು ಬೆರಳು ಮೇಲಿದ್ದ ಆಯಿಲು ಕಡ್ಡಿಯಿಂದ ನೀರಿನಂತೆ ಹರಿದು ಅವಳ ಕೈಯಲ್ಲಿದ್ದ ಒರೆಸುವ ಬಟ್ಟೆಗೆ ಇಳಿಯಿತು.

"ಹಾಕದೆ ಹೆಚ್ಚಾದದ್ದು ಎಲ್ಲಿಂದ ಭಾವ?"

ಯಜಮಾನರು ಕಡ್ಡಿಯನ್ನು ಮೂಸಿದರು, ಇನ್ನೊಮ್ಮೆ ಮೂಸಿದರು. "ಪೆಟ್ರೋಲು ಆಯಿಲಿಗೆ ಸೇರ್ತಾ ಇದೆಯಾ?"

"ಮತ್ತೆ? ಹೊರಗಿನ ದಾರಿ ಮುಚ್ಚಿದ್ರೆ ಒಳಗೇ ತಾನೆ ಇಳಿಯೋದು? ಆಯಿಲ್ ನೀರಾಗಿ ಇಂಜಿನ್ ಸವೆಯತ್ತೆ. ಹಾಳಾಗ್ಲಿ, ಇಂಜಿನ್ ಇನ್ನೊಂದು ಸಿಗತ್ತೆ. ಬಿಸಿ ಇಂಜಿನ್ ಒಳಗೆ ಪೆಟ್ರೋಲಿನ ಆವಿ ತುಂಬ್ಕೊಂಡು ಓಡಿಸ್ತಾ ಇದೀರಲ್ಲ, ಒಂದು ಕಿಡಿ ಸಾಕು. ಹಿಂದಿನ ಸೀಟಲ್ಲಿ ಯಾರು ಕೂತಿರ್ತಾರೆ?" ಉತ್ತರಕ್ಕೆ ಕಾಯದೆ ಇತ್ತ ತಿರುಗಿದಳು. "ಅಕ್ಕ, ನೀವು ಇಸ್ತ್ರಿ ಎಲ್ಲಿ ಮಾಡ್ತೀರ?"

"ಅಲ್ಲೇ, ಆ ಬಾಗಿಲ ಪಕ್ಕ. ನೆಲದ ಮೇಲೆ ಕಂಬಳಿ ಹಾಸ್ಕೊಂಡು."

"ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಮೇಲಕ್ಕೆ ಹೋಗಲ್ಲ, ನೆಲ ಹಿಡಿದು ಹರಿಯತ್ತೆ."

ಹೊಲಿಗೆಯಮ್ಮ ಬಾಗಿಲ ಕೆಳಗಿನ ಸಂದನ್ನು ನೋಡಿದರು. ಆಮೇಲೆ ಬಂದ ಸಿಟ್ಟಿಗೆ ಅಕ್ಕಪಕ್ಕದ ಮನೆಯವರೆಲ್ಲ ಬಾಗಿಲಿಗೆ ಬಂದು ನಿಂತರು.

"ಹದಿನೈದು ದಿನ ರೀ! ನಾನು ಬಿಸಿ ಇಸ್ತ್ರಿ ಪೆಟ್ಟಿಗೆ ಹಿಡ್ಕೊಂಡು ಕೂತಿದ್ರೆ ಮಗು ನನ್ನ ಪಕ್ಕದಲ್ಲೇ ಕೂತು ಬರೀತಿತ್ತು. ವಾಸನೆ ಅಂದ್ರೆ ಕರ್ಚೀಫು ಕಟ್ಕೋ ಅಂದ್ರಿ! ನಿಮ್ಮಪ್ಪನ ಕಾರು, ಬೇಜಾರಾಗತ್ತೆ ಅಂತ ನಾನೂ ಒಂದೆರಡು ಸಲ ಹೇಳಿ ಬಾಯಿ ಮುಚ್ಕೊಂಡೆ. ನಂದೂ ತಪ್ಪೇ. ನಿಮ್ಮಪ್ಪ ಇದ್ದಿದ್ರೆ ಮೊದಲು ನಿಮ್ಮ ಕಿವಿ ಹಿಂಡ್ತಿದ್ರು!"

ಯಜಮಾನರು ಮೆಟ್ಟಿಲ ಮೇಲೆ ಕೂತರು. ಮೊಮ್ಮಗಳು ಬಂದು, "ತಾತ, ಶಾಲೆಗೆ ಹೊತ್ತಾಯ್ತು" ಎಂದಳು. ಅಭ್ಯಾಸಬಲದಿಂದ ಅವರ ಕೈ ಜೇಬಿನ ಕೀಲಿಗೆ ಹೋಯಿತು. ಆ ಕೀಲಿಯನ್ನು ತೆಗೆದು ಗ್ಯಾರೇಜಿನಾಕೆಯ ಕೈಯಲ್ಲಿಟ್ಟರು.

"ಇದು ನಿನ್ನ ಹತ್ರಾನೇ ಇರ್ಲಿ. ನನ್ನ ಕೈಲಿದ್ರೆ ಮತ್ತೇನಾದ್ರೂ ತುರುಕ್ತೀನಿ. ಪಂಪು, ಪೈಪು, ಏನೇನು ಬದಲಾಯಿಸ್ಬೇಕೋ ಎಲ್ಲಾ ಬದಲಾಯಿಸು."

"ಆಯಿಲೂ ಅದರ ಫಿಲ್ಟರೂ ಹೊಸದಾಗಬೇಕು. ಎಥನಾಲ್ ಬೆರೆಸಿದ ಈಗಿನ ಪೆಟ್ರೋಲು ತಡ್ಕೊಳ್ಳೋ ರಬ್ಬರೇ ಹಾಕ್ಬೇಕು ಭಾವ, ಹಳೇ ರಬ್ಬರು ಇದಕ್ಕೆ ಬೇಗ ಹಾಳಾಗತ್ತೆ."

ಯಜಮಾನರು ತಲೆಯಾಡಿಸಿ, ಮೊಮ್ಮಗಳ ಕೈ ಹಿಡಿದು ನಡೆದೇ ಹೊರಟರು. ಹೊಲಿಗೆಯಮ್ಮ ಇಸ್ತ್ರಿ ಪೆಟ್ಟಿಗೆಯನ್ನು ಎತ್ತಿ ಮನೆಯ ಇನ್ನೊಂದು ತುದಿಯ ಕೋಣೆಗೆ ಸಾಗಿಸಿದರು.

ಹಳೇ ಕಾರನ್ನು ಮಕ್ಕಳಂತೆ ಸಾಕುವವರೇ, ಈ ಮಾತು ನಿಮಗೆ. ಸೋರುವ ಪಂಪಿಗೆ ಸೋಪು ಮೆತ್ತಬೇಡಿ, ಅಂಟು ಹಚ್ಚಬೇಡಿ, ಕೆಳಗೆ ಬಟ್ಟಲಿಟ್ಟು ಸುಮ್ಮನಾಗಬೇಡಿ. ವಾಸನೆ ಬಂದರೆ ಬೆಂಕಿ, ಸ್ವಿಚ್ಚು ಯಾವುದನ್ನೂ ಮುಟ್ಟದೆ ಬಾಗಿಲು ತೆರೆಯಿರಿ, ಮನೆಯವರನ್ನು ದೂರ ಕಳಿಸಿ. ಆಯಿಲು ತಾನಾಗಿ ಹೆಚ್ಚಿದರೆ ಹಿಗ್ಗಬೇಡಿ, ಕಡ್ಡಿ ಎಳೆದು ಮೂಸಿ. ಗಾಡಿಯಲ್ಲೊಂದು ಬೆಂಕಿ ಆರಿಸುವ ಸಿಲಿಂಡರ್ ಇಡಿ. ಬೆಂಕಿ ಹತ್ತಿಯೇಬಿಟ್ಟರೆ ಗಾಡಿಯ ಆಸೆ ಬಿಟ್ಟು ಓಡಿ, ಅಗ್ನಿಶಾಮಕ ದಳಕ್ಕೆ ಫೋನ್ ಮಾಡಿ. ಆದರೆ ಮನೆಗೆ ಬೆಂಕಿ ಬಿದ್ದ ಮೇಲೆ ಬಾವಿ ತೋಡುವುದು ಯಾವ ಜಾಣತನ? ಮೆಕ್ಯಾನಿಕ್ಕನ್ನು ಇವತ್ತೇ ಕರೆಯಿರಿ. ನಾಳೆ ಬೆಳಿಗ್ಗೆ ಹಿಂದಿನ ಸೀಟಿನಲ್ಲಿ ಕೂರುವ ಮಗು ಪಂಪನ್ನು ನೋಡಿ ಕೂರುವುದಿಲ್ಲ, ನಿಮ್ಮನ್ನು ನಂಬಿ ಕೂರುತ್ತದೆ.