ಒಂದು ಸುತ್ತು ಕಡಿಮೆ

ಆ ಬೀದಿಗೆಲ್ಲ ಅವಳು ಮೋಟರಕ್ಕ. ಸುಟ್ಟ ಮೋಟರು ಮೇಜಿಗೆ ಬಂದರೆ ಮೊದಲು ಹಳೆಯ ತಂತಿಯ ಸುತ್ತು ಎಣಿಸಬೇಕು, ಆಮೇಲೆ ಹೊಸದು ಸುತ್ತಬೇಕು. ಎಣಿಸದೆ ಕಿತ್ತು ಬಿಸಾಡುವವರನ್ನು ಕಂಡರೆ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು.

ಅವತ್ತು ಸುಟ್ಟು ಬಂದದ್ದು ದೊಡ್ಡ ಕಂಪನಿಯೊಂದರ ಹೊಸ ಸೋಲಾರ್ ಪಂಪು. 'ಎಳೆಬಿಸಿಲಿಗೇ ನೀರೆತ್ತುತ್ತದೆ' ಎಂದು ಮೈಮೇಲೆ ಅಚ್ಚು ಹಾಕಿಸಿಕೊಂಡಿತ್ತು.

"ನೋಡೇಬಿಡೋಣ ಇದರ ಜಂಬ" ಎಂದು ಮುಚ್ಚಳ ಬಿಚ್ಚಿದವಳು ಹಾಗೇ ಕೂತುಬಿಟ್ಟಳು.

ದಪ್ಪ ತಂತಿ. ಸಂದಿಗಳಲ್ಲಿ ಒತ್ತೊತ್ತಾಗಿ ತುಂಬಿದ ಕಾಯಿಲ್‌ಗಳು. ತುದಿಯ ಬಾಗುಗಳು ಮಾಮೂಲಿಗಿಂತ ಎರಡು ಬೆರಳಷ್ಟು ಗಿಡ್ಡ. ತಂತಿ ದಪ್ಪವಾಗಿ ಗಿಡ್ಡವಾದರೆ ಮೋಟರು ಬಿಸಿಯಾಗುವುದು ಕಡಿಮೆ, ಉಳಿದ ಕರೆಂಟು ನೀರೆತ್ತುತ್ತದೆ. ಎರಡು ವರ್ಷದ ಹಿಂದೆ ಇಂಥದ್ದೇ ಒಂದು ಮಾದರಿ ಮಾಡಲು ಅವಳು ನಾಲ್ಕು ತಿಂಗಳು ಬೆನ್ನು ಮುರಿದುಕೊಂಡಿದ್ದಳು. ಆ ಮಾದರಿಯನ್ನು ಇದೇ ಕಂಪನಿಗೆ ತೋರಿಸಲು ಹೋದವನು ಒಡಹುಟ್ಟಿದ ತಮ್ಮ. ವಾರದ ಮೇಲೆ ಬರಿಗೈಯಲ್ಲಿ ಬಂದ.

"ಬಿಚ್ಚಿ ಕೂಡ ನೋಡ್ಲಿಲ್ಲ ಕಣಕ್ಕ. ಸಿಟ್ಟು ಬಂತು, ದಾರೀಲೇ ಗುಜರಿಗೆ ಹಾಕ್ಬಿಟ್ಟೆ" ಎಂದಿದ್ದ. ಪಾಪ, ನನ್ನಿಂದ ಇವನಿಗೆ ಅವಮಾನವಾಯಿತಲ್ಲ ಎಂದು ಅವಳೇ ಅವನನ್ನು ಸಮಾಧಾನ ಮಾಡಿದ್ದಳು!

ಈಗಲೂ ಅವಳ ಮನಸ್ಸು ಅವನ ಕಡೆಗೇ ವಾಲಿತು. ನನಗೆ ಹೊಳೆದದ್ದು ಇನ್ನೊಬ್ಬರಿಗೂ ಹೊಳೆದಿರಬಹುದು, ಅದರಲ್ಲೇನು ಎಂದುಕೊಂಡು ಕಾಯಿಲ್‌ಗಳನ್ನು ಒಂದೊಂದಾಗಿ ಕತ್ತರಿಸಿ ಎಣಿಸತೊಡಗಿದಳು. ಮೂವತ್ತೊಂಬತ್ತು. ಮೂವತ್ತೊಂಬತ್ತು. ವೈರು ಹೊರಬರುವ ಕಡೆಯ ಕಾಯಿಲ್‌ನಲ್ಲಿ ಮಾತ್ರ ಮೂವತ್ತೆಂಟು. ಕನ್ನಡಕ ಒರೆಸಿಕೊಂಡು ಮತ್ತೆ ಎಣಿಸಿದಳು. ಮೂವತ್ತೆಂಟೇ.

ಅವಳ ಮಾದರಿಯಲ್ಲೂ ಅದೇ ಜಾಗದಲ್ಲಿ ಒಂದು ಸುತ್ತು ಕಡಿಮೆಯಿತ್ತು. ಆ ಕಾಯಿಲ್ ಸುತ್ತುವಾಗ ಗೊಣಗುವ ಗಿರಾಕಿಯೊಬ್ಬನನ್ನು ತಮ್ಮ ಅಣಕಿಸಿ ತೋರಿಸಿದ್ದ. ಅವಳು ಬಿದ್ದು ಬಿದ್ದು ನಕ್ಕಿದ್ದಳು, ಲೆಕ್ಕ ತಪ್ಪಿತ್ತು. ಗೊತ್ತಾಗುವ ಹೊತ್ತಿಗೆ ವಾರ್ನಿಷ್ ಒಣಗಿ, ಬಿಚ್ಚುವಂತಿರಲಿಲ್ಲ. ಅದು ಗೊತ್ತಿದ್ದದ್ದು ಅವರಿಬ್ಬರಿಗೇ.

ಮಧ್ಯಾಹ್ನ ಊಟದ ಡಬ್ಬಿ ಹಿಡಿದು ತಮ್ಮ ಬಂದ. ಅವಳು ತಲೆ ಎತ್ತದೆ ಹೇಳಿದಳು: "ಈ ಕಂಪನಿಯವರು ನೋಡೋ, ಒಂದು ಕಾಯಿಲ್‌ನಲ್ಲಿ ಒಂದು ಸುತ್ತು ಕಮ್ಮಿ ಹಾಕಿದ್ದಾರೆ."

"ಅಯ್ಯೋ, ಅದು ತಪ್ಪು ಅಂತ ನಾನೂ ಬಾಯಿ ಬಡ್ಕೊಂಡೆ" ಎಂದ ಅವನು, ಫೋನು ನೋಡುತ್ತಲೇ. "ಅದ್ರಲ್ಲೇ ಏನೋ ಗುಟ್ಟಿದೆ ಅಂತ ಹಾಗೇ ಇಟ್ಕೊಂಡ್ರು..."

ಆಮೇಲೆ ಫೋನಿನಿಂದ ತಲೆ ಎತ್ತಿದ. ಡಬ್ಬಿಯನ್ನು ಎಲ್ಲಿಡಬೇಕೆಂದು ತೋಚದೆ ಅವನು ಹಿಡಿದುಕೊಂಡೇ ಇದ್ದ.

ಕಂಪನಿಯ ಮೇಲೆ ಅವಳಿಗೆ ಅಷ್ಟು ಸಿಟ್ಟು ಬರಲಿಲ್ಲ. ಅವರು ಯಾರೋ ಪರರು. ಆದರೆ ಇವನು ಅವತ್ತಿನ ಅವಳ ನಗುವನ್ನೂ ಒಯ್ದು ಕೊಟ್ಟು ಬಂದಿದ್ದ.

"ಅಕ್ಕಾ, ನಾನು..."

"ಮಾತಾಡಿಸ್ಬೇಡ" ಎಂದು ಅವಳು ಹೊಸ ತಂತಿಯ ತುದಿ ಹಿಡಿದಳು. "ಎಣಿಸ್ತಿದ್ದೀನಿ."

ಅವನ ಮುಂದೆಯೇ, ಗಟ್ಟಿಯಾಗಿ, ಒಂದರಿಂದ ಮೂವತ್ತೊಂಬತ್ತರವರೆಗೂ ಎಣಿಸಿದಳು.