ಎರಡನೆಯ ಸಲ ತಿಕ್ಕಿದ ನಳ

ಇದನ್ನು ಹೇಳುವ ಯೋಗ್ಯತೆ ನನಗಿದೆಯೋ ಇಲ್ಲವೋ, ಓದುವವರು ಕ್ಷಮಿಸಬೇಕು. ಮಾಟುಂಗದ ರಾತ್ರಿ ಶಾಲೆಯಲ್ಲಿ ಮೆಟ್ರಿಕ್ ಮುಗಿಸಿದವಳು ನಾನು, ಕಥೆ ಬರೆದು ಗೊತ್ತಿಲ್ಲ. ಆದರೆ ತಪ್ಪು ನನ್ನದೇ ಆದ್ದರಿಂದ ಬೇರೆಯವರು ಹೇಳುವಂತೆಯೂ ಇಲ್ಲ.

೧೯೭೧ರಲ್ಲಿ ನಾವು ಆಂಟಾಪ್ ಹಿಲ್‌ನ ಒಂದು ಚಾಳಿನಲ್ಲಿದ್ದೆವು. ಒಂದೊಂದೇ ಕೋಣೆಯ ಹದಿನೆಂಟು ಖೋಲಿಗಳಿಗೆ ಒಂದೇ ನಳ. ಬೆಳಿಗ್ಗೆ ಐದೂವರೆಗೆ ನೀರು ಬರುತ್ತಿತ್ತು. ದೇವರ ಪೂಜೆಗೆ ಮಡಿನೀರು ಬೇಕೆಂದು ನಾನು ಒದ್ದೆ ಸೀರೆಯಲ್ಲೇ ಹೋಗಿ, ಹುಣಸೆಹಣ್ಣಿನಿಂದ ನಳದ ಬಾಯಿ ತಿಕ್ಕಿ, ಮೂರು ಸಲ ನೀರು ಹರಿಯಬಿಟ್ಟು, ಆಮೇಲೆ ಬಿಂದಿಗೆ ಇಡುತ್ತಿದ್ದೆ. ಯಾರನ್ನೂ ಬೈದವಳಲ್ಲ, ದೂರ ನಿಲ್ಲು ಎಂದವಳಲ್ಲ. ಅಷ್ಟಕ್ಕೇ ನನ್ನ ಭಕ್ತಿ ಶುದ್ಧವಾಗಿದೆ ಎಂದುಕೊಂಡಿದ್ದೆ.

"ಆಕಡೆ ಸರೀರೆವ್ವಾ, ನಳದಪ್ಪಗ ಅಭಿಷೇಕ ಸುರು ಆತು!" ಎಂದು ಪಕ್ಕದ ಖೋಲಿಯ ನೀಲಾಬಾಯಿ ಕೂಗಿದರೆ ಸಾಲಿನಲ್ಲಿದ್ದವರೆಲ್ಲ ನಗುತ್ತಿದ್ದರು. "ರುಕ್ಮಿಣಿಬಾಯಿ, ನೈವೇದ್ಯಾನೂ ತಂದೀರೇನ್ರಿ?"

ನಗದಿದ್ದವಳು ಹನುಮವ್ವ ಒಬ್ಬಳೇ. ಕಲಬುರ್ಗಿ ಕಡೆಯಿಂದ ಗಂಡನೊಡನೆ ಬಿಲ್ಡಿಂಗ್ ಕೆಲಸಕ್ಕೆ ಬಂದವಳು, ಏಳು ತಿಂಗಳ ಬಸುರಿ. ಅವಳ ಜಾತಿ ನನಗೆ ಗೊತ್ತಿತ್ತು. ಕೇಳದೆಯೇ ಗೊತ್ತುಮಾಡಿಕೊಂಡಿದ್ದೆ.

ಶ್ರಾವಣದ ಒಂದು ಶನಿವಾರ ನಾನು ಹೋದಾಗ ನಳ ಫಳಫಳ ಹೊಳೆಯುತ್ತಿತ್ತು. ಹನುಮವ್ವ ಹುಣಸೆಹಣ್ಣು ಮೆತ್ತಿದ ಕೈಯಲ್ಲಿ ಪಕ್ಕಕ್ಕೆ ಸರಿದು ನಿಂತಿದ್ದಳು.

"ಬಾಯಾರ, ನಿಮ್ಮ ಪೂಜಿಗಿ ತಡಾ ಆಗಬಾರ್ದಂತ ನಾನೇ ತಿಕ್ಕೀನ್ರಿ. ನಿಮ್ಮಂಗೇ ಮೂರು ಸಲ ನೀರೂ ಬಿಟ್ಟೀನಿ. ನನಗೂ ಒಂದೀಟು ಪುಣ್ಯಾ ಬರ್ಲಿ."

"ಛಲೋ ಆತವ್ವಾ" ಎಂದೆ. ಹಾಗೆನ್ನುತ್ತಲೇ ನನ್ನ ಕೈ ಬಟ್ಟಲಿನ ಹುಣಸೆಹಣ್ಣಿಗೆ ಹೋಯಿತು. ಅವಳ ಎದುರಿಗೇ ನಳವನ್ನು ಮತ್ತೆ ತಿಕ್ಕಿದೆ. ಮತ್ತೆ ಮೂರು ಸಲ ನೀರು ಬಿಟ್ಟೆ.

ಅಂದು ಯಾರೂ ನಗಲಿಲ್ಲ, ನೀಲಾಬಾಯಿ ಕೂಡ. ಹನುಮವ್ವ ತನ್ನ ಖಾಲಿ ಕೊಡ ಎತ್ತಿಕೊಂಡು ಹೊರಟುಹೋದಳು.

ಮರುದಿನದಿಂದ ಅವಳು ರಸ್ತೆಯಾಚೆಯ ನಳದಿಂದ ನೀರು ಹೊತ್ತು ತರತೊಡಗಿದಳು. ಕ್ಷಮೆ ಕೇಳಬೇಕೆಂದು ನಾನು ಒಂಬತ್ತು ದಿನ ಮನಸ್ಸಿನಲ್ಲೇ ಮಾತು ಹೊಂದಿಸಿದೆ. ಹತ್ತನೆಯ ದಿನ ಮೆಟ್ಟಿಲ ಬಳಿ ಕಾದು ನಿಂತು ಅಂದದ್ದು ಇಷ್ಟೇ: "ಇಲ್ಲೇ ತುಂಬ್ಕೋಬಾರದೇನವ್ವಾ, ಬಸುರಿ ಹೆಣ್ಮಗಳು."

"ಇರಲಿ ಬಿಡ್ರಿ ಬಾಯಾರ. ನಿಮ್ಮ ಹುಣಸಿಹಣ್ಣರ ಎಷ್ಟಂತ ಖರ್ಚ ಆಗಬೇಕು" ಎಂದು ನಕ್ಕಳು. ಕೊಡ ತುಳುಕಿ ಅವಳ ಭುಜ ನೆನೆದಿತ್ತು. ನಾನು ದಾರಿ ಬಿಟ್ಟೆ.

ದಸರೆಗೆ ಮೊದಲೇ ಬಿಲ್ಡಿಂಗ್ ಕೆಲಸ ಮುಗಿದು ಅವರು ಖೋಲಿ ಬಿಟ್ಟರು. ಠಾಣೆ ಊರಿನ ಕಡೆ ಹೋದರೆಂದು ನೀಲಾಬಾಯಿ ಹೇಳಿದಳು. ಠಾಣೆ ಎಂದರೆ ಎಷ್ಟು ದೊಡ್ಡದು! ಆಮೇಲೆ ನಾನು ನಳ ತಿಕ್ಕುವುದನ್ನು ಬಿಟ್ಟೆ. ದೇವರು ಏನೂ ಅನ್ನಲಿಲ್ಲ. ಹಾಗಾದರೆ ಅಷ್ಟು ವರ್ಷ ತಿಕ್ಕಿದ್ದು ಯಾರಿಗಾಗಿ ಎಂಬ ಪ್ರಶ್ನೆ ಈಗಲೂ ಪೂಜೆಯ ನಡುವೆಯೇ ಎದ್ದು ಮಂತ್ರ ತಪ್ಪುತ್ತದೆ.

ಅವಳ ಹೆರಿಗೆ ಸುಸೂತ್ರವಾಯಿತೋ ಇಲ್ಲವೋ, ನನಗೆ ಗೊತ್ತಿಲ್ಲ. ಅಂದು ನನ್ನ ಕೈ ಅಭ್ಯಾಸದಿಂದ ಮುಂದೆ ಹೋಯಿತೋ, ಅವಳು ಮುಟ್ಟಿದ್ದಳೆಂದು ಹೋಯಿತೋ, ಅದೂ ಗೊತ್ತಿಲ್ಲ.